ಮೊದಲು ಎಫ್‌ಐಆರ್ ಓದೋಣ, ಟಾಪಿಕ್ ಆಮೇಲೆ

ಪಿಎಚ್‌ಡಿಗೆ ಹೊಸದಾಗಿ ಸೇರಿದವರು ನನ್ನ ಹತ್ತಿರ ಮೊದಲ ದಿನ ಕೇಳುವ ಪ್ರಶ್ನೆ ಒಂದೇ: "ಮೇಡಂ, ಈಗ ಯಾವ ಟಾಪಿಕ್ ನಡೀತಾ ಇದೆ?" ಅಪರಾಧಶಾಸ್ತ್ರ ಕಲಿಸಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಮೊದಮೊದಲು ಎಲ್ಲರಿಗೂ ಬಾಲಾಪರಾಧ, ಜೈಲು ಸುಧಾರಣೆ, ವರದಕ್ಷಿಣೆ ಸಾವು ಬೇಕಿತ್ತು. ಈಗ ಸೈಬರ್ ವಂಚನೆ, ಡೀಪ್‌ಫೇಕ್, ಡಿಜಿಟಲ್ ಅರೆಸ್ಟ್ ಬೇಕು. ಕಳೆದ ತಿಂಗಳು ಬಂದ ಹುಡುಗಿ ಪ್ರಸ್ತಾವನೆಯನ್ನೇ ಬರೆದು ತಂದಿದ್ದಳು. ಮೊದಲ ಪುಟದಲ್ಲೇ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ (ಎನ್‌ಸಿಆರ್‌ಬಿ) ಅಂಕಿ: ಕರ್ನಾಟಕದಲ್ಲಿ ಸೈಬರ್ ಪ್ರಕರಣ 2022ರಲ್ಲಿ 12,556, 2023ರಲ್ಲಿ 21,889. "ಒಂದೇ ವರ್ಷದಲ್ಲಿ ಎಷ್ಟು ಏರಿದೆ ನೋಡಿ ಮೇಡಂ."

"ಏರಿದ್ದು ವಂಚನೆಯಾ, ದೂರು ದಾಖಲಾಗೋದಾ?" ಎಂದು ಕೇಳಿದೆ. ಸುಮ್ಮನಾದಳು.

ಕಷ್ಟದ ಪ್ರಶ್ನೆಯೇ ಅದು. ದುಡ್ಡು ಹೋದ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅನ್ನುವುದು ಈಗ ಬಹಳ ಜನಕ್ಕೆ ಗೊತ್ತು. ದೂರು ಕೊಡಲು ಪೋರ್ಟಲ್ ಇದೆ. ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಠಾಣೆಗಳಿವೆ. ಹಿಂದೆ "ಹೋಗ್ಲಿ ಬಿಡು, ನಾಲ್ಕು ಜನಕ್ಕೆ ಗೊತ್ತಾದ್ರೆ ಮರ್ಯಾದೆ ಹೋಗುತ್ತೆ" ಎಂದು ನುಂಗಿಕೊಂಡವರು ಈಗ ಠಾಣೆಗೆ ಬರುತ್ತಾರೆ. ವಂಚನೆಯೂ ಹೆಚ್ಚಿರಬಹುದು, ದೂರೂ ಹೆಚ್ಚಿರಬಹುದು. ಎರಡನ್ನೂ ಬೇರೆ ಮಾಡಿ ತೋರಿಸುವ ತನಕ 'ಅಪರಾಧ ಏರಿದೆ' ಎಂದು ಬರೆಯಬೇಡ ಎಂದೆ.

ಇನ್ನೊಂದು ವಿಷಯ ಇದೆ. ಎನ್‌ಸಿಆರ್‌ಬಿ ವರದಿಯ ಕೋಷ್ಟಕ ನೋಡುವವರು ಅದರ ಮುಂದಿನ ವಿವರಣೆಯನ್ನು ಓದುವುದೇ ಇಲ್ಲ. ಒಂದು ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ದರೆ, ಅತಿ ಹೆಚ್ಚು ಶಿಕ್ಷೆ ಇರುವ ಒಂದೇ ಒಂದು ಲೆಕ್ಕಕ್ಕೆ ಹೋಗುತ್ತದೆ. ಅತ್ಯಾಚಾರ ಮಾಡಿ ಕೊಂದಿದ್ದರೆ ಅದು ಕೊಲೆಯ ಸಾಲಿಗೆ ಸೇರುತ್ತದೆ. ಇದನ್ನು ಅವರೇ ಸ್ಪಷ್ಟವಾಗಿ ಬರೆದಿರುತ್ತಾರೆ. ನಾನು ತರಗತಿಯಲ್ಲಿ ಪ್ರತಿ ವರ್ಷ ಹೀಗೊಂದು ಕೇಸು ಕೊಡುತ್ತೇನೆ: ರಾತ್ರಿ ಮನೆಗೆ ನುಗ್ಗಿದರು, ಚಿನ್ನ ಕದ್ದರು, ಅಡ್ಡ ಬಂದ ಅಜ್ಜಿಯನ್ನು ಕೊಂದರು. ವರದಿಯಲ್ಲಿ ಏನು ಕಾಣುತ್ತದೆ? ಒಂದು ಕೊಲೆ. ಆ ಕಳ್ಳತನ ಕಳ್ಳತನದ ಸಾಲಿನಲ್ಲಿ ಇರುವುದೇ ಇಲ್ಲ. ಇದು ಗೊತ್ತಿಲ್ಲದೆ ಹತ್ತು ವರ್ಷದ ಗ್ರಾಫ್ ಎಳೆದ ಪ್ರಬಂಧಗಳು ನನ್ನ ಮೇಜಿನ ಮೇಲೆ ಎಷ್ಟೋ ಬಂದಿವೆ. ಬೇಜಾರಾಗುತ್ತದೆ, ಯಾಕಂದ್ರೆ ಹುಡುಗರು ದುಡಿದಿರುತ್ತಾರೆ.

ಯಾವ ಟಾಪಿಕ್ ನಡೆಯುತ್ತದೆ ಎಂಬ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲೇ ಇದೆ. ಈ ಶಾಸ್ತ್ರದಲ್ಲಿ ದಾಖಲೆಗಳ ಯಾವ ಕಪಾಟು ತೆರೆಯಿತೋ ಅದೇ ಆ ಕಾಲದ ಟಾಪಿಕ್ ಆಗಿದೆ. ಇಟಲಿಯ ಲೊಂಬ್ರೋಸೊ ವೈದ್ಯ. ಅವನ ಕೈಗೆ ಸಿಕ್ಕಿದ್ದು ಕೈದಿಗಳು ಮತ್ತು ಅವರ ತಲೆಬುರುಡೆಗಳು. 1876ರಲ್ಲಿ ಅವನು ಹುಟ್ಟು ಅಪರಾಧಿಯ ಲಕ್ಷಣ ಬರೆದ. ಅದು ತಪ್ಪು ಎಂದು ಆಮೇಲೆ ಗೊತ್ತಾಯಿತು. ಷಿಕಾಗೊದ ಸಂಶೋಧಕರಾದ ಷಾ ಮತ್ತು ಮೆಕೆ ಅವರಿಗೆ ಬಾಲ ನ್ಯಾಯಾಲಯದ ಕಡತದಲ್ಲಿ ಹುಡುಗರ ವಿಳಾಸ ಸಿಕ್ಕಿತು. ಚರ್ಚೆ ಹುಡುಗನ ಮೈಯಿಂದ ಅವನ ಬೀದಿಗೆ ಹೋಯಿತು. ಫಿಲಡೆಲ್ಫಿಯಾದಲ್ಲಿ ವೂಲ್ಫ್‌ಗ್ಯಾಂಗ್ ತಂಡ 1945ರಲ್ಲಿ ಹುಟ್ಟಿದ 9,945 ಹುಡುಗರ ಶಾಲೆ ಮತ್ತು ಪೊಲೀಸ್ ದಾಖಲೆ ಜೋಡಿಸಿತು. ಅವರಲ್ಲಿ 627 ಮಂದಿಯೇ ಅರ್ಧಕ್ಕಿಂತ ಜಾಸ್ತಿ ಅಪರಾಧ ಮಾಡಿದ್ದರು. 1972ರಲ್ಲಿ ಆ ಫಲಿತಾಂಶ ಬಂದ ಮೇಲೆ ಮತ್ತೆ ಮತ್ತೆ ತಪ್ಪು ಮಾಡುವವರ ಬಗ್ಗೆ ಪ್ರಬಂಧಗಳ ಮಳೆಯೇ ಸುರಿಯಿತು. ಮಿನಿಯಾಪೊಲಿಸ್ ಪೊಲೀಸರಿಗೆ ಬಂದ ಫೋನ್ ಕರೆಗಳೆಲ್ಲ ಕಂಪ್ಯೂಟರಿಗೆ ಹೋದವು. ಊರಿನ ಶೇ 3ರಷ್ಟು ವಿಳಾಸಗಳಿಂದಲೇ ಅರ್ಧದಷ್ಟು ಕರೆ ಬರುತ್ತಿತ್ತು ಎಂದು 1989ರಲ್ಲಿ ಷರ್ಮನ್ ತಂಡ ತೋರಿಸಿತು. ಇಂಥ ಜಾಗಗಳ ಮೇಲೇ ಕಣ್ಣಿಡುವ 'ಹಾಟ್ ಸ್ಪಾಟ್' ಗಸ್ತು ಅಲ್ಲಿಂದ ಬೆಳೆಯಿತು.

ನನಗೆ ತುಂಬ ಇಷ್ಟವಾದದ್ದು ಹಾರ್ವರ್ಡ್ ಕಾನೂನು ಶಾಲೆಯ ನೆಲಮಾಳಿಗೆಯ ಕಥೆ. ಸಂಶೋಧಕರಾದ ಗ್ಲೂಕ್ ದಂಪತಿ ಬಾಸ್ಟನ್ನಿನ ಸಾವಿರ ಹುಡುಗರನ್ನು ವರ್ಷಗಟ್ಟಲೆ ಗಮನಿಸಿದ್ದರು. ಐನೂರು ಮಂದಿ ತಪ್ಪು ಮಾಡಿದವರು, ಐನೂರು ಮಂದಿ ಮಾಡದವರು. ಆ ಕಾಗದಗಳೆಲ್ಲ ರಟ್ಟಿನ ಡಬ್ಬಗಳಲ್ಲಿ ಧೂಳು ತಿನ್ನುತ್ತಾ ಕೂತಿದ್ದವು. ಮುಂದಿನ ತಲೆಮಾರಿನ ಸಂಶೋಧಕರಾದ ಸ್ಯಾಂಪ್ಸನ್ ಮತ್ತು ಲಾಬ್ ಅವನ್ನು ಬಿಚ್ಚಿದರು. ವರ್ಷಗಟ್ಟಲೆ ಕೂತು ಒಂದೊಂದೇ ಕಡತವನ್ನು ಕಂಪ್ಯೂಟರಿಗೆ ಹಾಕಿದರು. ಆಮೇಲೆ ಆ 'ಹುಡುಗರನ್ನೇ' ಹುಡುಕಿಕೊಂಡು ಹೋದರು. ಅಷ್ಟು ಹೊತ್ತಿಗೆ ಅವರು ಎಪ್ಪತ್ತರ ಹತ್ತಿರದ ಮುದುಕರು. ಒಳ್ಳೆ ಮದುವೆ, ಖಾಯಂ ಕೆಲಸ, ಸೈನ್ಯದ ನೌಕರಿ ಎಷ್ಟೋ ಜನರನ್ನು ಅಪರಾಧದಿಂದ ಆಚೆ ತಂದಿತ್ತು. ಅಪರಾಧ ಯಾಕೆ ಮಾಡುತ್ತಾರೆ ಎಂದಷ್ಟೇ ಕೇಳುತ್ತಿದ್ದವರು ಯಾಕೆ ಬಿಡುತ್ತಾರೆ ಎಂದೂ ಕೇಳತೊಡಗಿದರು. ನಮ್ಮ ಜೈಲುಗಳಿಂದ ಹೊರಬಂದವರ ಬಗ್ಗೆ ಈ ಪ್ರಶ್ನೆ ಹಿಡಿದು ಊರೂರು ತಿರುಗುವ ವಿದ್ಯಾರ್ಥಿಗಾಗಿ ನಾನು ಇನ್ನೂ ಕಾಯುತ್ತಿದ್ದೇನೆ.

ನಮ್ಮ ಕಪಾಟುಗಳೂ ತೆರೆದಿವೆ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಇ-ಕೋರ್ಟ್‌ನಲ್ಲಿ ಕೇಸಿನ ಪ್ರತಿ ದಿನಾಂಕ ಕಾಣುತ್ತದೆ. ಜೈಲಿನ ಅಂಕಿಅಂಶ ವರ್ಷ ವರ್ಷ ಬರುತ್ತದೆ. 2022ರ ಕೊನೆಗೆ ದೇಶದ ಕೈದಿಗಳಲ್ಲಿ ಶೇ 75.8ರಷ್ಟು ಜನ ವಿಚಾರಣಾಧೀನರು. ಇಷ್ಟೆಲ್ಲ ಕಣ್ಣೆದುರು ಇದೆ. ಆದರೆ ದೂರೇ ಕೊಡದವರ ಕಪಾಟು ಮುಚ್ಚಿಯೇ ಇದೆ. ಅಮೆರಿಕದಲ್ಲಿ 1970ರ ದಶಕದಿಂದ ಮನೆ ಮನೆಗೆ ಹೋಗಿ "ನಿಮಗೆ ಏನಾಯ್ತು, ಪೊಲೀಸರಿಗೆ ಹೇಳಿದಿರಾ?" ಎಂದು ಕೇಳುತ್ತಾರೆ. ನಮ್ಮಲ್ಲಿ ನಿಯಮಿತವಾಗಿ ನಡೆಯುವ ಅಂಥ ರಾಷ್ಟ್ರೀಯ ಸರ್ವೆ ಇಲ್ಲ.

ಇನ್ನು ಪ್ರಕಟಣೆಯ ವಿಷಯ. ಜರ್ನಲ್‌ಗಳಿಗೆ ಹೊಸದು ಬೇಕು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮತ್ತೆ ಮಾಡಿ ನೋಡಿದರೆ ಅದಕ್ಕೆ ಜಾಗ ಸಿಗುವುದು ಕಡಿಮೆ. 2006ರಿಂದ 2010ರವರೆಗೆ ಐದು ಮುಖ್ಯ ಜರ್ನಲ್‌ಗಳಲ್ಲಿ ಬಂದ ಲೇಖನಗಳಲ್ಲಿ ಅಂಥವು ಶೇ 2ರ ಆಸುಪಾಸು. ಇದರಿಂದ ಏನು ನಷ್ಟ ಅಂತೀರಾ? ಮಿನಿಯಾಪೊಲಿಸ್‌ನಲ್ಲೇ ಇನ್ನೊಂದು ಪ್ರಯೋಗ ನಡೆದಿತ್ತು. ಹೆಂಡತಿಗೆ ಹೊಡೆದವನನ್ನು ಬಂಧಿಸಿದರೆ ಅವನು ಮತ್ತೆ ಹೊಡೆಯುವುದು ಕಡಿಮೆ ಎಂದು 1984ರಲ್ಲಿ ಬರೆದರು. ಅಮೆರಿಕದ ಎಷ್ಟೋ ಊರುಗಳ ಪೊಲೀಸರು ಬಂಧನದ ದಾರಿ ಹಿಡಿದರು. ಆಮೇಲೆ ಬೇರೆ ಊರುಗಳಲ್ಲಿ ಮತ್ತೆ ಮಾಡಿ ನೋಡಿದಾಗ ಎಲ್ಲ ಕಡೆ ಅದೇ ಫಲ ಸಿಗಲಿಲ್ಲ. ಮಿಲ್ವಾಕಿಯಲ್ಲಿ ಕೆಲಸ ಇಲ್ಲದ ಗಂಡಸರು ಬಂಧನದ ನಂತರ ಜಾಸ್ತಿ ಹೊಡೆದಿದ್ದರು. ಆ ಮನೆಗಳ ಹೆಂಗಸರನ್ನು ನೆನೆದರೆ ಸಂಕಟವಾಗುತ್ತದೆ. ಮತ್ತೆ ಮಾಡಿ ನೋಡುವುದು ಸಣ್ಣ ಕೆಲಸ ಎಂದು ನಾನು ಯಾವ ವಿದ್ಯಾರ್ಥಿಗೂ ಹೇಳುವುದಿಲ್ಲ.

ನಮ್ಮಲ್ಲಿ ಗೋಳು ಬೇರೆ. "ನಾಲ್ಕು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಉಚಿತ" ಎಂದು ದಿನಾ ಇಮೇಲ್ ಬರುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಫೆಲೋಶಿಪ್ ದುಡ್ಡು ಕಟ್ಟಿ ಅಂಥ ಕಡೆ ಲೇಖನ ಹಾಕಿಸಿದ. ವರ್ಷ ಕಳೆಯುವಷ್ಟರಲ್ಲಿ ವೆಬ್‌ಸೈಟೇ ಇಲ್ಲ. ಪಿಎಚ್‌ಡಿಗೆ ಮುಂಚೆ ಲೇಖನ ಪ್ರಕಟಿಸಲೇಬೇಕು ಎಂಬ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ಅದು ಒಳ್ಳೆಯದೇ ಆಯಿತು. 2025ರಲ್ಲಿ ಒಪ್ಪಿತ ಜರ್ನಲ್‌ಗಳ 'ಕೇರ್' ಪಟ್ಟಿಯನ್ನೂ ನಿಲ್ಲಿಸಿತು. ಈಗ ಜರ್ನಲ್ ಒಳ್ಳೆಯದಾ ಕೆಟ್ಟದ್ದಾ ಎಂದು ತೂಗುವ ಹೊಣೆ ಸಂಸ್ಥೆ ಮತ್ತು ಗೈಡ್ ಮೇಲಿದೆ. ಸಂಪಾದಕರು ಯಾರು, ತಿರುಗಿ ಬಂದ ಟಿಪ್ಪಣಿಯಲ್ಲಿ ಲೇಖನ ಓದಿದ ಗುರುತು ಇದೆಯಾ, ಇವೆರಡು ನೋಡಿ ಅಂತ ಹೇಳುತ್ತೇನೆ. ಓದುವುದಂತೂ ಸುಲಭವಾಗಿದೆ. ಒಂದು ದೇಶ ಒಂದು ಚಂದಾ ಯೋಜನೆಯಲ್ಲಿ 2025ರ ಜನವರಿಯಿಂದ ಸರ್ಕಾರಿ ಕಾಲೇಜುಗಳಿಗೂ ಸುಮಾರು 13,000 ಜರ್ನಲ್ ತೆರೆದಿವೆ. ಕ್ರೈಮ್‌ಆರ್ಕೈವ್ ಎಂಬ ತಾಣದಲ್ಲಿ ಅಪರಾಧಶಾಸ್ತ್ರದ ಲೇಖನಗಳು ಪುಕ್ಕಟೆ ಸಿಗುತ್ತವೆ.

ಆದರೆ ಓದಬೇಕಾದ ಇನ್ನೊಬ್ಬರಿದ್ದಾರೆ. ಒಮ್ಮೆ ತಾಲ್ಲೂಕು ಠಾಣೆಯೊಂದರಲ್ಲಿ ಸ್ಟೇಷನ್ ರೈಟರ್ ನನ್ನನ್ನು ನಿಲ್ಲಿಸಿ ಕೇಳಿದರು: "ಮೇಡಂ, ಆವಾಗ ನಮ್ಮ ಹತ್ರ ಕೂತು ಅಷ್ಟೊಂದು ಬರ್ಕೊಂಡು ಹೋದ್ರಲ್ಲ, ಕೊನೆಗೆ ಏನು ಗೊತ್ತಾಯ್ತು?" ಮುನ್ನೂರು ಪುಟದ ಇಂಗ್ಲಿಷ್ ಪ್ರಬಂಧ ಬಿಟ್ಟರೆ ಅವರ ಕೈಗೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಅಂದಿನಿಂದ ನನ್ನ ವಿದ್ಯಾರ್ಥಿಗಳು ಕೆಲಸ ಮುಗಿದ ಮೇಲೆ ಕನ್ನಡದಲ್ಲಿ ಎರಡು ಪುಟ ಬರೆದು ಠಾಣೆಗೆ ಕೊಟ್ಟು ಬರುತ್ತಾರೆ.

ಆ ಹುಡುಗಿ ಹದಿನೈದು ದಿನ ಬಿಟ್ಟು ಮತ್ತೆ ಬಂದಳು. ಒಂದೊಂದಾಗಿ ನಲವತ್ತು ಎಫ್‌ಐಆರ್ ಓದಿದ್ದಳಂತೆ. "ದುಡ್ಡು ಹೋದ ದಿನಕ್ಕೂ ದೂರು ಕೊಟ್ಟ ದಿನಕ್ಕೂ ನಡುವೆ ಕೆಲವರಿಗೆ ತಿಂಗಳೇ ಇದೆ ಮೇಡಂ. ಅಷ್ಟು ದಿನ ಅವರು ಏನು ಮಾಡ್ತಿದ್ರು?" ಪ್ರಸ್ತಾವನೆಯ ಹಳೆಯ ತಲೆಬರಹ ಹೊಡೆದು ಹಾಕಿದ್ದಳು. ಎಸ್‌ಪಿ ಆಫೀಸಿಗೆ ಕೊಡಬೇಕಾದ ಅನುಮತಿ ಪತ್ರಕ್ಕೆ ಅಲ್ಲೇ ಸಹಿ ಹಾಕಿ ಕೊಟ್ಟೆ.