ಹಂಡೆಯ ನೀರಿಗೆ ಕೈ ಅದ್ದಿ ನೋಡಿ

ಜನವರಿಯ ಒಂದು ಬೆಳಿಗ್ಗೆ ಮೂಡಿಗೆರೆಯ ಹೋಟೆಲಿನಲ್ಲಿ ಮಫ್ಲರ್ ಸುತ್ತಿಕೊಂಡು ಕುಳಿತಿದ್ದ ಬೆಳೆಗಾರರೊಬ್ಬರು ಕೆಣಕಿದರು: “ಭೂಮಿ ಬಿಸಿಯಾಗುತ್ತಿದೆ ಎನ್ನುತ್ತೀರಲ್ಲ ಮೇಷ್ಟ್ರೇ, ಈ ಚಳಿ ಎಲ್ಲಿಂದ ಬಂತು?” ಚಳಿಗಾಲ ಬಂದಾಗಲೆಲ್ಲ ಇದೇ ಪ್ರಶ್ನೆ, ಕೇಳಿ ಕೇಳಿ ಸಾಕಾಗಿದೆ. ರೋಗಿಯ ಹೊದಿಕೆ ಮುಟ್ಟಿ ನೋಡಿ ಜ್ವರವಿಲ್ಲ ಎಂದ ಹಾಗಾಯಿತು.

ಮುಟ್ಟಿ ನೋಡಬೇಕಾದದ್ದು ಸಮುದ್ರವನ್ನು. ಹಸಿರುಮನೆ ಅನಿಲಗಳು ಹಿಡಿದಿಟ್ಟ ಹೆಚ್ಚುವರಿ ಶಾಖದಲ್ಲಿ ಸುಮಾರು ಶೇ. 90 ಸೇರಿರುವುದು ಅಲ್ಲಿಗೇ. ನಮ್ಮ ಬಚ್ಚಲುಮನೆಯನ್ನೇ ನೋಡಿ. ಒಲೆ ಹೊತ್ತಿಸಿದ ಸ್ವಲ್ಪ ಹೊತ್ತಿಗೆ ಗಾಳಿ ಬೆಚ್ಚಗಾಗುತ್ತದೆ, ಹಂಡೆಯ ನೀರು ಮಾತ್ರ ಜಪ್ಪಯ್ಯ ಎನ್ನುವುದಿಲ್ಲ. ಬಾಗಿಲು ತೆರೆದರೆ ಗಾಳಿಯ ಬಿಸಿ ಅಲ್ಲಿಗೇ ಮುಗಿಯಿತು. ಹಂಡೆ ಸೌದೆಯನ್ನು ನುಂಗುತ್ತಲೇ ಇರುತ್ತದೆ. ತೂಕಕ್ಕೆ ತೂಕ ಹಿಡಿದರೆ, ಒಂದು ಡಿಗ್ರಿ ಬಿಸಿಯಾಗಲು ನೀರಿಗೆ ಗಾಳಿಯ ನಾಲ್ಕು ಪಟ್ಟು ಶಾಖ ಬೇಕು. ಸಮುದ್ರದ ಮೇಲಿನ ಮೂರು ಮೀಟರ್ ನೀರು ಸಾಕು, ಇಡೀ ವಾಯುಮಂಡಲ ಹಿಡಿಯುವಷ್ಟು ಶಾಖವನ್ನು ಹಿಡಿಯಲು. ಸರಾಸರಿ ಆಳವೋ 3,700 ಮೀಟರ್! ಗಾಳಿಯದು ಜೇಬಿನ ಚಿಲ್ಲರೆ. ಸಂತೆಯ ದಿನ ಏರುತ್ತದೆ, ಮರುದಿನ ಇಳಿಯುತ್ತದೆ. ಸಮುದ್ರದ್ದು ಬ್ಯಾಂಕಿನ ಠೇವಣಿ.

ಈ ಠೇವಣಿಯ ಹಳೆಯ ಪಾಸ್‌ಬುಕ್ಕೂ ನಮ್ಮಲ್ಲಿದೆ. 1872ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ಹೊರಟ ‘ಚಾಲೆಂಜರ್’ ಹಡಗು ಮೂರೂವರೆ ವರ್ಷ ಸಾಗರಗಳನ್ನು ಸುತ್ತಿ, ಹಗ್ಗಕ್ಕೆ ಉಷ್ಣಮಾಪಕ ಕಟ್ಟಿ ಇಳಿಬಿಟ್ಟು, ಆಳದ ತಾಪ ಬರೆದುಕೊಂಡಿತು. ನೀರಿನ ಒತ್ತಡ ಗಾಜಿನ ಬುರುಡೆಯನ್ನು ಹಿಂಡಿ ಸುಳ್ಳು ಅಂಕಿ ತೋರಿಸೀತೆಂದು ಅದಕ್ಕೆ ಇನ್ನೊಂದು ಗಾಜಿನ ಕವಚ ಹಾಕಿದ್ದರು. ಎಂಥ ಎಚ್ಚರ! ಇಂದು ಅದೇ ಕೆಲಸವನ್ನು ಸುಮಾರು 4,000 ‘ಆರ್ಗೋ’ ತೇಲುಕಗಳು ಮಾಡುತ್ತವೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಎದ್ದುಬಂದು ಉಪಗ್ರಹಕ್ಕೆ ಲೆಕ್ಕ ಒಪ್ಪಿಸುತ್ತವೆ. ಎರಡೂ ಲೆಕ್ಕಗಳನ್ನು 2012ರಲ್ಲಿ ತಾಳೆ ನೋಡಿದಾಗ, ಮೇಲಿನ 700 ಮೀಟರ್ ನೀರು ಸರಾಸರಿ 0.33 ಡಿಗ್ರಿ ಬೆಚ್ಚಗಾಗಿತ್ತು. ಇಷ್ಟೇನಾ ಎನ್ನುವವರು ಹಂಡೆಯ ಗಾತ್ರವನ್ನು ಮರೆತಿದ್ದಾರೆ.

ಧ್ರುವಗಳ ಕಥೆಗೆ ಕಾಫಿ ಕಣದಲ್ಲಿ ಒಂದು ಬಿಳಿ ಪಂಚೆ, ಒಂದು ಕರಿ ಕಂಬಳಿ ಹರಡಿದರೆ ಸಾಕು. ಹಿಮ ಹೊದ್ದ ಮಂಜುಗಡ್ಡೆ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಅಟ್ಟುತ್ತದೆ. ಅದು ಕರಗಿದರೆ ಕೆಳಗಿನ ಕಪ್ಪು ನೀರು ಅದೇ ಬಿಸಿಲನ್ನು ಕುಡಿದು ಇನ್ನಷ್ಟು ಮಂಜುಗಡ್ಡೆ ಕರಗಿಸುತ್ತದೆ. 2012ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಸಮುದ್ರದ ಮಂಜುಗಡ್ಡೆ 34 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿತ್ತು, ಅಂದರೆ 1980ರ ದಶಕದ ಸೆಪ್ಟೆಂಬರುಗಳಲ್ಲಿ ಇರುತ್ತಿದ್ದುದರ ಸುಮಾರು ಅರ್ಧ. (ತೇಲುವ ಮಂಜುಗಡ್ಡೆ ಕರಗಿ ಸಮುದ್ರ ಉಕ್ಕುತ್ತದೆ ಎಂಬ ಮೊಬೈಲ್ ಸಂದೇಶಗಳನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಸಮುದ್ರ ಏರುವುದು ನೆಲದ ಮೇಲಿನ ಮಂಜುಗಡ್ಡೆ ಕರಗಿ ಬಂದಾಗ, ಮತ್ತು ಬಿಸಿಯಾದ ನೀರು ತಾನೇ ಹಿಗ್ಗಿದಾಗ.) 2002ರಲ್ಲಿ ಅಂಟಾರ್ಕ್ಟಿಕಾದ ಲಾರ್ಸನ್-ಬಿ ಹಿಮಚಾಚು, ಅಂದರೆ ನೆಲದಿಂದ ಸಮುದ್ರದ ಮೇಲಕ್ಕೆ ಚಾಚಿಕೊಂಡ ಮಂಜುಗಡ್ಡೆಯ ಹಾಸು, ಐದೇ ವಾರಗಳಲ್ಲಿ ನುಚ್ಚುನೂರಾಯಿತು. 3,250 ಚದರ ಕಿಲೋಮೀಟರ್, ಹೆಚ್ಚುಕಡಿಮೆ ಅರ್ಧ ಹಾಸನ ಜಿಲ್ಲೆ! ಅದೂ ತೇಲುತ್ತಿದ್ದದ್ದೇ. ಆದರೆ ತೂಬು ಕಿತ್ತ ಕೆರೆಯಂತೆ, ಅದು ತಡೆದಿದ್ದ ನೆಲದ ಹಿಮನದಿಗಳು ಆಮೇಲೆ ಸಮುದ್ರದತ್ತ ವೇಗವಾಗಿ ಜಾರತೊಡಗಿದವು.

ಇಷ್ಟು ಹೇಳುವಷ್ಟರಲ್ಲಿ ಬಿಸಿಲೇರಿತ್ತು. ಬೆಳೆಗಾರರು ಮಫ್ಲರ್ ಬಿಚ್ಚಿ, “ಸರಿ, ಒಲೆಯ ಸೌದೆ ಈಗಲೇ ಎಳೆದುಬಿಟ್ಟರೆ?” ಎಂದರು.

“ಗಾಳಿ ಇನ್ನಷ್ಟು ಬಿಸಿಯಾಗುವುದು ನಿಲ್ಲುತ್ತದೆ. ಹಂಡೆ ತಣಿಯಲು ನೂರಾರು ವರ್ಷ ಬೇಕು” ಎಂದೆ. ಅವರು ಇನ್ನೊಂದು ಕಾಫಿ ಹೇಳಿದರು.