ಎಸ್‌ಎಲ್‌ಆರ್ ಹಳೆಯದಾಯಿತು, ಅದರ ಗುಂಡು ವಾಪಸ್ ಬಂತು

ಬಳ್ಳಾರಿಯಲ್ಲಿ ಚುನಾವಣೆ ಇರಲಿ, ದೊಡ್ಡ ರ‍್ಯಾಲಿ ಇರಲಿ, ಬಂದೋಬಸ್ತ್‌ಗೆ ನಿಂತ ಪೊಲೀಸರ ಹೆಗಲಲ್ಲಿ ಮರದ ಹಿಡಿಯ ಉದ್ದನೆಯ ರೈಫಲ್ ಇರುತ್ತದಲ್ಲ, ಅದೇ ಎಸ್‌ಎಲ್‌ಆರ್, ಅಂದರೆ ತಾನಾಗಿಯೇ ಲೋಡ್ ಆಗುವ ‘ಸೆಲ್ಫ್ ಲೋಡಿಂಗ್ ರೈಫಲ್’. ಪಕ್ಕದಲ್ಲಿ ನಿಂತ ಅರೆಸೇನಾ ಪಡೆಯವರ ಕೈಯಲ್ಲಿ ನಮ್ಮಲ್ಲೇ ತಯಾರಾದ ಇನ್ಸಾಸ್ ರೈಫಲ್, ಇಲ್ಲವೇ ಎಕೆ. ಸೇನೆಗೆ ಈಗ ಅಮೆರಿಕದ ಸಿಗ್ 716, ಜೊತೆಗೆ ಉತ್ತರ ಪ್ರದೇಶದ ಅಮೇಠಿಯಲ್ಲಿ ತಯಾರಾಗುವ ಎಕೆ-203. ಒಂದೇ ದೇಶಕ್ಕೆ ಇಷ್ಟೊಂದು ನಮೂನೆ ಯಾಕೆ ಅಂತ ಯಾರಿಗಾದರೂ ಅನಿಸುತ್ತದೆ. ರೈಫಲ್ ಬಿಟ್ಟು ಅದರೊಳಗಿನ ಗುಂಡನ್ನು ನೋಡುತ್ತಾ ಹೋದರೆ ಕಥೆ ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ಎಸ್‌ಎಲ್‌ಆರ್‌ನ ತವರು ಬೆಲ್ಜಿಯಂನ ಹೆರ್ಸ್ಟಾಲ್. ಅಲ್ಲಿನ ಎಫ್‌ಎನ್ ಕಾರ್ಖಾನೆಯಲ್ಲಿ ಡ್ಯೂಡೊನೆ ಸೇವ್ ಎಂಬ ವಿನ್ಯಾಸಕ ಎರಡನೇ ಮಹಾಯುದ್ಧ ಮುಗಿದ ಮೇಲೆ ಎಫ್‌ಎಎಲ್ ರೈಫಲ್ ಮಾಡಿದರು. ಮೊದಲು ಅದನ್ನು ಮಾಡಿದ್ದು ಚಿಕ್ಕ ಗುಂಡಿಗೆ. ಆದರೆ ಅಮೆರಿಕಕ್ಕೆ ದೊಡ್ಡ ಗುಂಡೇ ಬೇಕಿತ್ತು. 1954ರಲ್ಲಿ ನೇಟೋ ದೇಶಗಳು 7.62×51 ಮಿ.ಮೀ. ಗುಂಡನ್ನು (ಮೊದಲ ಅಂಕಿ ಗುಂಡಿನ ದಪ್ಪ, ಎರಡನೆಯದು ಕಾರ್ಟ್ರಿಜ್ ಕವಚದ ಉದ್ದ) ಒಪ್ಪಿಕೊಂಡವು, ರೈಫಲ್ ಕೂಡ ಅದಕ್ಕೆ ತಕ್ಕಂತೆ ಬೆಳೆಯಿತು. ಆಮೇಲೆ ಹತ್ತಾರು ದೇಶಗಳು ಅದನ್ನು ಕೊಂಡವು. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಂತೂ ಬ್ರಿಟನ್, ಅರ್ಜೆಂಟೀನಾ ಎರಡೂ ಕಡೆಯವರ ಕೈಯಲ್ಲಿ ಇದರದ್ದೇ ರೂಪಗಳು.

ನಮ್ಮಲ್ಲಿ 1962ರವರೆಗೂ ತ್ರೀ ನಾಟ್ ತ್ರೀ (.303) ರೈಫಲ್‌ನ ಕಾಲ. ಹತ್ತು ಗುಂಡಿನ ಮ್ಯಾಗಜಿನ್, ಒಂದೊಂದು ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕು. ಹಿಮಾಲಯದಲ್ಲಿ ಎದುರಿಗಿದ್ದ ಚೀನಿಯರ ಬಂದೂಕು ತಾನಾಗಿಯೇ ಲೋಡ್ ಆಗುತ್ತಿತ್ತು. ಆ ಯುದ್ಧದ ಮೇಲೆ ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ ಕೆಲಸಕ್ಕೆ ವೇಗ ಬಂತು. ಹಾಗೆ ತಯಾರಾದದ್ದೇ 1ಎ1, ಅಂದರೆ ನಮ್ಮ ಎಸ್‌ಎಲ್‌ಆರ್. ಬ್ರಿಟಿಷ್ ಮಾದರಿ, ಬೆಲ್ಜಿಯಂ ಮಾದರಿ ಎರಡನ್ನೂ ನೋಡಿ ಮಾಡಿದ್ದು, ಹಾಗಾಗಿ ಬಿಡಿಭಾಗಗಳು ಎರಡಕ್ಕೂ ಪೂರ್ತಿ ಹೊಂದುವುದಿಲ್ಲ.

ಇದರ ಒಳಗನ್ನು ಒಮ್ಮೆಯಾದರೂ ನೋಡಬೇಕು. ಆಯುಧಪೂಜೆಗೆ ಮುಂಚೆ ಪೊಲೀಸ್ ಶಸ್ತ್ರಾಗಾರದಲ್ಲಿ ಬಂದೂಕುಗಳನ್ನು ಬಿಚ್ಚಿ ಎಣ್ಣೆ ಹಚ್ಚುತ್ತಾರಲ್ಲ, ಆಗ ಗೊತ್ತಾಗುತ್ತದೆ. ಹಿಂಭಾಗದ ಒಂದು ಸಣ್ಣ ಲಿವರ್ ತಿರುಗಿಸಿದರೆ ಸಾಕು, ಇಡೀ ರೈಫಲ್ ಅಡಕತ್ತರಿಯ ಹಾಗೆ ಬಾಯಿ ಬಿಡುತ್ತದೆ. ಗುಂಡು ಹಾರಿದಾಗ ಬ್ಯಾರೆಲ್‌ನ ಒಂದು ಸಣ್ಣ ರಂಧ್ರದಿಂದ ಸ್ವಲ್ಪ ಗ್ಯಾಸ್ ಮೇಲಕ್ಕೆ ನುಗ್ಗಿ ಪಿಸ್ಟನ್ ತಳ್ಳುತ್ತದೆ. ಪಿಸ್ಟನ್ ಏಟಿಗೆ ಕ್ಯಾರಿಯರ್ ಎಂಬ ಜಾರುವ ಭಾಗ ಹಿಂದೆ ಸರಿಯುತ್ತದೆ, ಸ್ವಲ್ಪ ದೂರ ಸರಿದ ಮೇಲೆಯೇ ಗುಂಡಿನ ಹಿಂದೆ ಬಾಗಿಲಿನಂತೆ ಮುಚ್ಚಿರುವ ಒಳಗಿನ ಬ್ಲಾಕ್‌ನ ಹಿಂಬದಿಯನ್ನು ಎತ್ತಿ ಲಾಕ್ ಬಿಡಿಸುತ್ತದೆ, ಖಾಲಿ ಕಾರ್ಟ್ರಿಜ್ ಹೊರಗೆ ಹಾರುತ್ತದೆ, ಸ್ಪ್ರಿಂಗ್ ಎಲ್ಲವನ್ನೂ ಮುಂದಕ್ಕೆ ತಳ್ಳುವಾಗ ಮುಂದಿನ ಗುಂಡು ಒಳಗೆ ಕೂರುತ್ತದೆ. ಎಷ್ಟು ಗ್ಯಾಸ್ ಹೊರಗೆ ಬಿಡಬೇಕು ಅನ್ನೋದಕ್ಕೆ ತಿರುಗಿಸುವ ರೆಗ್ಯುಲೇಟರ್ ಇದೆ. ರೈಫಲ್ ಗಲೀಜಾಗಿ ಮೊಂಡು ಹಿಡಿದರೆ ಅದನ್ನು ಸ್ವಲ್ಪ ಮುಚ್ಚಿ ಜಾಸ್ತಿ ಗ್ಯಾಸ್ ಪಿಸ್ಟನ್ ಕಡೆ ಕಳಿಸಬಹುದು. ಬ್ರಿಟಿಷರು ಮರಳು ಸಿಕ್ಕಿಕೊಳ್ಳದಿರಲಿ ಅಂತ ಕ್ಯಾರಿಯರ್ ಮೇಲೆ ಗೀರುಗಳನ್ನೇ ಕೊರೆದಿದ್ದರು. ಸಂಡೂರಿನ ಕೆಂಪು ಧೂಳು ಕಂಡವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಒಂದು ಸಲ ಟ್ರಿಗರ್ ಎಳೆದರೆ ಒಂದೇ ಗುಂಡು. ಪೂರ್ತಿ ಆಟೋಮ್ಯಾಟಿಕ್ ಮಾಡಿದರೆ ಈ ಗುಂಡಿನ ಒದೆತಕ್ಕೆ ಮೂತಿ ಮೇಲಕ್ಕೆ ಏಳುತ್ತದೆ, ಗುರಿ ಕೈಗೆ ಸಿಗುವುದಿಲ್ಲ. ಇಪ್ಪತ್ತು ಗುಂಡು ತುಂಬಿದರೆ ಐದು ಕೆ.ಜಿ. ಹತ್ತಿರ, ಉದ್ದ ಮೂರೂವರೆ ಅಡಿಗೂ ಜಾಸ್ತಿ. ಬಯಲಲ್ಲಿ, ಬೆಟ್ಟದಲ್ಲಿ ಸರಿ. 1987ರಲ್ಲಿ ಭಾರತದ ಶಾಂತಿಪಡೆ ಶ್ರೀಲಂಕಾದ ಕಾಡಿಗೆ, ಓಣಿಗಳಿಗೆ ಇಳಿದಾಗ ಇದೇ ಉದ್ದ ಹೊರೆಯಾಯಿತು. ಎದುರಿಗಿದ್ದ ಎಲ್‌ಟಿಟಿಇಯವರ ಕೈಯಲ್ಲಿ ಎಕೆ-47 ಇತ್ತು.

ಅಷ್ಟರಲ್ಲಿ ಜಗತ್ತು ಚಿಕ್ಕ ಗುಂಡಿನ ಕಡೆ ವಾಲಿತ್ತು. ದೊಡ್ಡ ಗುಂಡೇ ಬೇಕು ಅಂದಿದ್ದ ಅಮೆರಿಕವೇ ಅರವತ್ತರ ದಶಕದಲ್ಲಿ 5.56ಕ್ಕೆ ಜಾರಿತ್ತು! 7.62×51ರ ಒಂದು ಕಾರ್ಟ್ರಿಜ್ ಸುಮಾರು 24 ಗ್ರಾಂ, 5.56ರದ್ದು ಸುಮಾರು 12. ಅದೇ ಭಾರಕ್ಕೆ ಎರಡು ಪಟ್ಟು ಗುಂಡು ಹೊರಬಹುದು. ಲೆಕ್ಕ ಸರಿಯಾಗಿಯೇ ಇತ್ತು. ಹಾಗೆ ಬಂತು 5.56 ಗುಂಡಿನ ಇನ್ಸಾಸ್. 1999ರ ಕಾರ್ಗಿಲ್ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜಿನ್ ಬಿರುಕು ಬಿಟ್ಟಿತು, ಕೆಲವು ರೈಫಲ್ ಜಾಮ್ ಆದವು. ಆಮೇಲೆ ತಿದ್ದಿದರು, ಆದರೆ ಅಂಟಿದ ಕೆಟ್ಟ ಹೆಸರು ಹೋಗಲಿಲ್ಲ. ಗುಂಡು ತಗುಲಿದರೂ ಎದುರಾಳಿ ಬೀಳುವುದಿಲ್ಲ ಅನ್ನುವ ದೂರು ಬೇರೆ. ಅದು ಗುಂಡಿನ ಮೇಲಿನ ದೂರು, ಬೈಗುಳ ಬಿದ್ದದ್ದು ರೈಫಲ್‌ಗೆ.

ಮುಂದಿನದ್ದು ಟೆಂಡರ್ ಪುರಾಣ. ಬ್ಯಾರೆಲ್ ಬದಲಿಸಿ ಎರಡು ಅಳತೆಯ ಗುಂಡು ಹಾರಿಸುವ ರೈಫಲ್ ಬೇಕು ಅಂತ 2011ರಲ್ಲಿ ಕರೆದದ್ದು 2015ರಲ್ಲಿ ರದ್ದಾಯಿತು. ಗುಂಡು ಯಾವುದು ಅಂತ ಮೊದಲು ತೀರ್ಮಾನ ಮಾಡದೆ ರೈಫಲ್ ಹುಡುಕಲು ಹೊರಟರೆ ಹೀಗೇ ಅಲ್ವಾ?

2019ರಲ್ಲಿ 72,400 ಸಿಗ್ 716 ರೈಫಲ್‌ಗಳಿಗೆ ಒಪ್ಪಂದವಾಯಿತು, 2024ರಲ್ಲಿ ಮತ್ತೆ 73,000ಕ್ಕೆ. ಅವುಗಳ ಗುಂಡು ಯಾವುದು ಗೊತ್ತಾ? 7.62×51, ಎಸ್‌ಎಲ್‌ಆರ್‌ನದ್ದೇ. ಈ ನಡುವೆ 2021ರ ಡಿಸೆಂಬರ್‌ನಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕೆ-203ಗೆ ಸಹಿ ಬಿತ್ತು. ಅದರದ್ದೂ 7.62, ಆದರೆ 7.62×39. ಮೊದಲ ಅಂಕಿ ಒಂದೇ ಅಂತ ಒಂದರ ಗುಂಡನ್ನು ಇನ್ನೊಂದಕ್ಕೆ ಹಾಕುವ ಹಾಗಿಲ್ಲ, ಕಾರ್ಟ್ರಿಜ್ ಉದ್ದವೇ ಬೇರೆ. ಇನ್ಸಾಸ್‌ನ 5.56 ಕೂಡ ಪೂರ್ತಿ ಹೋಗಿಲ್ಲ. ಅಂದರೆ ಒಂದೇ ಸೇನೆಗೆ ಸದ್ಯ ಮೂರು ಅಳತೆಯ ಗುಂಡು ಸರಬರಾಜು ಆಗಬೇಕು, ಎಲ್ಲಿಗೆ ಯಾವುದು ಅಂತ ಪೆಟ್ಟಿಗೆ ಪೆಟ್ಟಿಗೆಗೂ ಲೆಕ್ಕ ಇಡಬೇಕು.