ಮೂರು ತಿಂಗಳ ಶುಗರ್ ರಿಪೋರ್ಟಿನಲ್ಲಿ ಕೆಂಪುಕಣದ ವಯಸ್ಸೂ ಇದೆ

ಲ್ಯಾಬಿಗೆ ಬರುವವರು ಈಗ ಸುಮ್ನೆ ‘ಶುಗರ್ ಟೆಸ್ಟ್’ ಅನ್ನುವುದಿಲ್ಲ, ‘ಮೂರು ತಿಂಗಳದ್ದು ಮಾಡಿಬಿಡಿ’ ಅನ್ನುತ್ತಾರೆ. ಎಚ್‌ಬಿಎ1ಸಿ ಅಷ್ಟರಮಟ್ಟಿಗೆ ಮನೆಮಾತಾಗಿದೆ. ಹಸಿದುಕೊಂಡು ಬರಬೇಕಿಲ್ಲ. ಹಿಂದಿನ ದಿನ ಮದುವೆ ಊಟ ಆಗಿದ್ದರೂ ಪರವಾಗಿಲ್ಲ. ಒಂದೇ ಸಲ ರಕ್ತ ಕೊಟ್ಟರೆ ಮುಗೀತು. 5.7ಕ್ಕಿಂತ ಕಡಿಮೆ ಬಂದರೆ ನಾರ್ಮಲ್, 5.7ರಿಂದ 6.4ರವರೆಗೆ ಗಡಿ, 6.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಯಾಬಿಟಿಸ್. ಇಷ್ಟು ಸಲೀಸಾಗಿ ಓದಬಹುದಾದ ಟೆಸ್ಟು ನಮ್ಮ ಲ್ಯಾಬಿನಲ್ಲಿ ಹೆಚ್ಚಿಲ್ಲ.

ನಾನು ಲ್ಯಾಬಿನಲ್ಲಿ ಕೂತು ಈ ರಿಪೋರ್ಟುಗಳಿಗೆ ಸಹಿ ಹಾಕುವ ವೈದ್ಯೆ. ಈ ಟೆಸ್ಟಿನ ಮೇಲೆ ನನಗೆ ತುಂಬಾ ನಂಬಿಕೆ. ನಂಬಿಕೆ ಇರುವುದರಿಂದಲೇ ಅದು ನಿಜವಾಗಿ ಏನನ್ನು ಅಳೆಯುತ್ತದೆ ಅಂತ ಬಿಡಿಸಿ ಹೇಳಬೇಕು ಅನ್ನಿಸುತ್ತದೆ. ಅಲ್ಲಿ ಅಚ್ಚಾಗುವ ಒಂದು ಸಂಖ್ಯೆಯಲ್ಲಿ ಎರಡು ವಿಷಯ ಕೂಡಿಕೊಂಡಿವೆ. ರಕ್ತದಲ್ಲಿ ಎಷ್ಟು ಸಕ್ಕರೆ ಇತ್ತು ಅನ್ನುವುದು ಒಂದು. ಕೆಂಪುಕಣಗಳು ಎಷ್ಟು ದಿನ ಆ ಸಕ್ಕರೆಯ ಜೊತೆ ಇದ್ದವು ಅನ್ನುವುದು ಇನ್ನೊಂದು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದರ ಬಗ್ಗೆ ಯಾರೂ ಕೇಳುವುದಿಲ್ಲ. ರಕ್ತಹೀನತೆ ಇಷ್ಟು ಹರಡಿರುವ ನಮ್ಮ ದೇಶದಲ್ಲಿ ಕೇಳಲೇಬೇಕು.

ಕೆಂಪುಕಣದ ಒಳಗೆ ಆಕ್ಸಿಜನ್ ಹೊರುವ ಪ್ರೋಟೀನು ಹಿಮೋಗ್ಲೋಬಿನ್. ಅದರಲ್ಲಿ ನಾಲ್ಕು ಸರಪಳಿಗಳಿವೆ, ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಳಿಯ ಮೊದಲ ಕೊಂಡಿ ವ್ಯಾಲೀನ್ ಎಂಬ ಅಮೈನೋ ಆಮ್ಲ. ಗ್ಲೂಕೋಸ್ ಹೋಗಿ ಅಂಟಿಕೊಳ್ಳುವುದು ಅಲ್ಲಿಗೆ. ಹೀಗೆ ಅಂಟಿಸಲು ಯಾವ ಕಿಣ್ವವೂ ಬೇಕಿಲ್ಲ. ಸಕ್ಕರೆಯೂ ಪ್ರೋಟೀನೂ ಒಂದೇ ಕಡೆ ಇದ್ದರೆ ಸಾಕು, ತಾನಾಗೇ ಆಗುತ್ತದೆ. ಮೊದಲ ಅಂಟು ಸಡಿಲ. ರಕ್ತದಲ್ಲಿ ಸಕ್ಕರೆ ಇಳಿದರೆ ಅದು ಬಿಟ್ಟುಕೊಂಡೂ ಹೋಗಬಹುದು. ಇದಕ್ಕೆ ಷಿಫ್ ಬೇಸ್ ಎಂದು ಹೆಸರು. ನಿಧಾನಕ್ಕೆ ಒಳಗಿನ ಪರಮಾಣುಗಳು ಜಾಗ ಬದಲಿಸಿಕೊಂಡು ಬಂಧ ಗಟ್ಟಿಯಾಗುತ್ತದೆ. ಇದು ಅಮಡೋರಿ ಮಾರ್ಪಾಡು. ಆಮೇಲೆ ಆ ಸಕ್ಕರೆ ಬಿಡುವುದಿಲ್ಲ, ಕೆಂಪುಕಣ ಸಾಯುವವರೆಗೂ ಅಲ್ಲೇ ಇರುತ್ತದೆ. ಹೀಗೆ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ನೇ ಎಚ್‌ಬಿಎ1ಸಿ. ನೂರಕ್ಕೆ ಎಷ್ಟು ಪಾಲು ಹೀಗಾಗಿದೆ ಅನ್ನುವುದನ್ನು ರಿಪೋರ್ಟು ಹೇಳುತ್ತದೆ.

ದೋಸೆ ಕಾವಲಿಯ ಮೇಲೆ ಕೆಂಪಗಾಗುವುದೂ ಇದೇ ಜಾತಿಯ ಕ್ರಿಯೆಯಿಂದ. ಸಕ್ಕರೆ ಮತ್ತು ಪ್ರೋಟೀನಿನ ತುಣುಕುಗಳು ಬಿಸಿಗೆ ಸೇರಿಕೊಂಡು ಬಣ್ಣ, ಪರಿಮಳ ಎರಡನ್ನೂ ಕೊಡುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ಇದನ್ನು ವಿವರಿಸಿದರು. ಕಾವಲಿಯ ಮೇಲೆ ಒಂದೆರಡು ನಿಮಿಷದಲ್ಲಿ ಆಗುವುದು ಮೈಯ 37 ಡಿಗ್ರಿ ಶಾಖದಲ್ಲಿ ವಾರಗಟ್ಟಲೆ ನಡೆಯುತ್ತದೆ. ಹಿಮೋಗ್ಲೋಬಿನ್ನಿಗೆ ಮಾತ್ರ ಆಗುತ್ತದೆ ಅಂತಲ್ಲ. ಕಣ್ಣಿನ ಮಸೂರದ ಪ್ರೋಟೀನಿಗೂ ರಕ್ತನಾಳದ ಗೋಡೆಯ ಕೊಲಾಜನ್ನಿಗೂ ಸಕ್ಕರೆ ಹೀಗೇ ಅಂಟುತ್ತದೆ. ಡಯಾಬಿಟಿಸ್‌ನಿಂದ ಅಂಗಾಂಗಗಳಿಗೆ ಆಗುವ ಹಾನಿಯ ದಾರಿಗಳಲ್ಲಿ ಇದೂ ಒಂದು. ಅಂದರೆ ನಾವು ಟ್ಯೂಬಿನಲ್ಲಿ ಅಳೆಯುವ ರಾಸಾಯನಿಕ ಕ್ರಿಯೆಗೂ ರೋಗ ಮಾಡುವ ಹಾನಿಗೂ ನೆಂಟಸ್ತಿಕೆ ಇದೆ. ಎಲ್ಲ ಸೂಚಕಗಳಿಗೂ ಈ ಭಾಗ್ಯ ಇರುವುದಿಲ್ಲ.

ನನಗೆ ತುಂಬಾ ಇಷ್ಟವಾದ ಒಂದು ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಗ್ಲೂಕೋಸ್ ಅಣು ಹೆಚ್ಚಿನ ಹೊತ್ತು ಉಂಗುರದ ಆಕಾರದಲ್ಲಿ ಸುತ್ತಿಕೊಂಡಿರುತ್ತದೆ. ಆ ಉಂಗುರ ಬಿಚ್ಚಿಕೊಂಡಾಗ ಮಾತ್ರ ಪ್ರೋಟೀನಿಗೆ ಅಂಟಬಲ್ಲದು. ಬಿಚ್ಚಿಕೊಂಡಿರುವ ಪಾಲು ಯಾವಾಗಲೂ ತೀರಾ ಕಡಿಮೆ. ಬನ್ ಮತ್ತು ಹಿಗ್ಗಿನ್ಸ್ ಎಂಬ ಸಂಶೋಧಕರು 1981ರಲ್ಲಿ ಬೇರೆ ಬೇರೆ ಸಕ್ಕರೆಗಳನ್ನು ಹಿಮೋಗ್ಲೋಬಿನ್ ಜೊತೆ ಇಟ್ಟು ನೋಡಿದರು. ಗ್ಲೂಕೋಸಿನ ಓರಗೆಯ ಸಕ್ಕರೆಗಳಲ್ಲಿ ಅತಿ ಕಡಿಮೆ ಅಂಟಿದ್ದು ಗ್ಲೂಕೋಸೇ. ಜೀವಿಗಳು ರಕ್ತದಲ್ಲಿ ಹರಿಸಲು ಇದನ್ನೇ ಆರಿಸಿಕೊಂಡಿದ್ದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ಅವರು ಊಹಿಸಿದರು.

ಇನ್ನು ಕೆಂಪುಕಣದ ವಿಷಯ. ಗ್ಲೂಕೋಸ್ ಅದರೊಳಗೆ ಹೋಗಲು ಇನ್ಸುಲಿನ್ ಬೇಕಿಲ್ಲ. ಹೊರಗೆ ಎಷ್ಟು ಸಕ್ಕರೆ ಇದೆಯೋ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಒಳಗೂ ಇರುತ್ತದೆ. ಕೆಂಪುಕಣಕ್ಕೆ ಕೋಶಕೇಂದ್ರ ಇಲ್ಲ, ಹೊಸ ಹಿಮೋಗ್ಲೋಬಿನ್ ಮಾಡಿಕೊಳ್ಳಲು ಆಗುವುದಿಲ್ಲ. ಮೂಳೆಯ ಮಜ್ಜೆಯಿಂದ ಹೊರಟಾಗ ತಂದದ್ದೇ ಕೊನೆತನಕ. ಸುಮಾರು 120 ದಿನ ಬದುಕುತ್ತದೆ. ನೀವು ರಕ್ತ ಕೊಟ್ಟ ಗಳಿಗೆಯಲ್ಲಿ ಟ್ಯೂಬಿಗೆ ಬಂದ ಕಣಗಳಲ್ಲಿ ನಿನ್ನೆ ಹುಟ್ಟಿದವೂ ಇರುತ್ತವೆ, ನಾಳೆ ಸಾಯುವವೂ ಇರುತ್ತವೆ. ಹಳೆಯದರಲ್ಲಿ ಅಂಟಿದ ಸಕ್ಕರೆ ಜಾಸ್ತಿ, ಹೊಸದರಲ್ಲಿ ಕಡಿಮೆ. ಆದರೆ ಎಲ್ಲ ವಯಸ್ಸಿನ ಕಣಗಳೂ ಹಾದುಬಂದದ್ದು ಇತ್ತೀಚಿನ ದಿನಗಳನ್ನು ಮಾತ್ರ. ಹಾಗಾಗಿ ‘ಮೂರು ತಿಂಗಳ ಸರಾಸರಿ’ ಅಂದರೂ ಸಂಖ್ಯೆಯ ಅರ್ಧದಷ್ಟನ್ನು ತೀರ್ಮಾನಿಸುವುದು ಕೊನೆಯ ಒಂದು ತಿಂಗಳು.

ಈ ಸೂಚಕ ಸಿಕ್ಕಿದ್ದು ಬೇರೇನನ್ನೋ ಹುಡುಕುವಾಗ. 1968ರಲ್ಲಿ ಟೆಹ್ರಾನಿನ ಸ್ಯಾಮ್ಯುಯೆಲ್ ರಹ್‌ಬರ್ ಆಸ್ಪತ್ರೆಯ ರೋಗಿಗಳ ರಕ್ತದಲ್ಲಿ ಅಸಹಜ ಹಿಮೋಗ್ಲೋಬಿನ್‌ಗಳಿಗಾಗಿ ಹುಡುಕುತ್ತಿದ್ದರು. ಡಯಾಬಿಟಿಸ್ ಇದ್ದವರಲ್ಲಿ ಮತ್ತೆ ಮತ್ತೆ ಹಿಮೋಗ್ಲೋಬಿನ್ನಿನ ಒಂದು ವಿಚಿತ್ರ ಪಟ್ಟೆ (ಬ್ಯಾಂಡ್) ಕಂಡಿತು. 1976ರಲ್ಲಿ ಕೀನಿಗ್, ಸೆರಾಮಿ ಮತ್ತು ಜೊತೆಯವರು ಡಯಾಬಿಟಿಸ್ ಇದ್ದ ಐದು ಜನರನ್ನು ಆಸ್ಪತ್ರೆಯಲ್ಲಿಟ್ಟು ಸಕ್ಕರೆ ಇಳಿಸಿದರು. ಅದರ ಹಿಂದೆಯೇ ಎಚ್‌ಬಿಎ1ಸಿಯೂ ಇಳಿಯಿತು. ಐದೇ ಜನ, ಆದರೆ ದಾರಿ ತೆರೆಯಿತು.

ಗಟ್ಟಿ ಪುರಾವೆ ಸಿಕ್ಕಿದ್ದು 1993ರಲ್ಲಿ. ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಡಯಾಬಿಟಿಸ್ ಇದ್ದ 1441 ಜನರ ಮೇಲೆ ಡಿಸಿಸಿಟಿ ಎಂಬ ದೊಡ್ಡ ಅಧ್ಯಯನ ನಡೆಯಿತು. ಒಂದು ಗುಂಪಿನ ಎಚ್‌ಬಿಎ1ಸಿ ಸುಮಾರು 7ರಲ್ಲಿ ನಿಂತಿತು, ಇನ್ನೊಂದರದು ಸುಮಾರು 9ರಲ್ಲಿ. ಶುರುವಿನಲ್ಲಿ ಕಣ್ಣು ಚೆನ್ನಾಗಿದ್ದವರಲ್ಲಿ ಅಕ್ಷಿಪಟಲ ಹಾಳಾಗುವ ಅಪಾಯ 7ರ ಗುಂಪಿನಲ್ಲಿ 76% ಕಡಿಮೆಯಾಗಿತ್ತು. ಅಲ್ಲಿಂದಾಚೆಗೆ ಈ ಸಂಖ್ಯೆಯನ್ನು ಯಾರೂ ಹಗುರವಾಗಿ ನೋಡಿಲ್ಲ.

ಹಾಗಂತ ಸಂಖ್ಯೆ ಇಳಿದಷ್ಟೂ ಒಳ್ಳೆಯದೇ? ಟೈಪ್ 2 ಡಯಾಬಿಟಿಸ್ ಇದ್ದ, ಹೃದಯದ ಅಪಾಯವೂ ಹೆಚ್ಚಿದ್ದ ಹತ್ತು ಸಾವಿರಕ್ಕೂ ಮಿಕ್ಕಿ ಜನರ ಮೇಲೆ ಅಕಾರ್ಡ್ ಎಂಬ ಅಧ್ಯಯನ ನಡೆಯಿತು. ಅರ್ಧ ಜನರಿಗೆ 6ರ ಕೆಳಗೆ ತರುವ ಗುರಿ ಇಟ್ಟು ಔಷಧಿ ಏರಿಸಿದರು. ಆ ಗುಂಪಿನಲ್ಲಿ 257 ಸಾವುಗಳಾದವು, ಇನ್ನೊಂದರಲ್ಲಿ 203. 2008ರಲ್ಲಿ ಆ ಕಟ್ಟುನಿಟ್ಟಿನ ಚಿಕಿತ್ಸೆಯನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಸೂಚಕ ಇಳಿದಿತ್ತು, ಆದರೆ ಜನ ಉಳಿಯುವುದು ಹೆಚ್ಚಾಗಲಿಲ್ಲ. ಎಪ್ಪತ್ತೈದು ದಾಟಿದ, ಹೃದಯದ ತೊಂದರೆ ಇರುವ ಅಜ್ಜನಿಗೆ ಡಾಕ್ಟರು 7.5 ಅಥವಾ 8 ಇದ್ದರೂ ಸಾಕು ಅಂದರೆ ಅದು ಉದಾಸೀನ ಅಲ್ಲ. ಇಂಥ ಅಧ್ಯಯನಗಳಿಂದ ಬಂದ ತಿಳಿವಳಿಕೆ.

ಈಗ ಕೆಂಪುಕಣದ ವಯಸ್ಸಿಗೆ ಬರೋಣ. ನಾವು ಲ್ಯಾಬಿನಲ್ಲಿ ಆಗಾಗ ನೋಡುವ ಒಂದು ಬಗೆಯ ಕೇಸು ಹೇಳುತ್ತೇನೆ. ನಲವತ್ತರ ಆಸುಪಾಸಿನ ಹೆಂಗಸು. ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಎಚ್‌ಬಿಎ1ಸಿ 6.6 ಬಂದಿದೆ. ಅವರಿವರ ಮಾತು ಕೇಳಿ ಅನ್ನ ಬಿಟ್ಟಿದ್ದಾರೆ, ಬಾಳೆಹಣ್ಣು ಬಿಟ್ಟಿದ್ದಾರೆ, ಸುಸ್ತು ಇನ್ನೂ ಜಾಸ್ತಿಯಾಗಿದೆ. ‘ಮೇಡಂ, ನಮ್ಮನೇಲಿ ಯಾರಿಗೂ ಶುಗರ್ ಇಲ್ಲ, ನಂಗ್ಯಾಕೆ ಬಂತು?’ ಅನ್ನುತ್ತಾರೆ. ಅದೇ ಪ್ಯಾಕೇಜಿನ ಇನ್ನೊಂದು ಪುಟದಲ್ಲಿ ಹಿಮೋಗ್ಲೋಬಿನ್ 8.4 ಅಂತ ಇದೆ, ಅಂದರೆ ರಕ್ತಹೀನತೆ; ಯಾರೂ ಅದನ್ನು ಸರಿಯಾಗಿ ನೋಡಿಲ್ಲ. ಕೆಂಪುಕಣಗಳ ಗಾತ್ರ ಹೇಳುವ ಎಂಸಿವಿ 67. ಅದು 80ರ ಮೇಲಿರಬೇಕು. ಫೆರಿಟಿನ್ ಮಾಡಿದರೆ ಕಬ್ಬಿಣದ ದಾಸ್ತಾನು ತಳ ಕಂಡಿದೆ. ಹಸಿದ ಹೊಟ್ಟೆಯ ಶುಗರ್ 92. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದರೆ 124. ಸಕ್ಕರೆಯಲ್ಲಿ ಏನೂ ತೊಂದರೆ ಇಲ್ಲ. ಮುಟ್ಟಿನಲ್ಲಿ ಸುಮಾರು ವರ್ಷದಿಂದ ರಕ್ತ ಜಾಸ್ತಿ ಹೋಗುತ್ತಿದೆ, ಅದನ್ನು ಅವರು ಯಾರಿಗೂ ಹೇಳಿಲ್ಲ. ಚಿಕಿತ್ಸೆ ಬೇಕಿದ್ದದ್ದು ಅದಕ್ಕೆ. ಕಬ್ಬಿಣ ಕೊಟ್ಟು, ರಕ್ತಸ್ರಾವ ಹತೋಟಿಗೆ ತಂದು, ನಾಲ್ಕು ತಿಂಗಳು ಬಿಟ್ಟು ನೋಡಿದರೆ ಎಚ್‌ಬಿಎ1ಸಿ ಆರರ ಕೆಳಗೆ ಇರುತ್ತದೆ.

ಮಷೀನು ಇಲ್ಲಿ ತಪ್ಪು ಮಾಡಿಲ್ಲ. 6.6 ಅನ್ನುವುದು ನಿಜವಾದ ಅಳತೆಯೇ. ಕಬ್ಬಿಣ ಸಾಲದಿದ್ದಾಗ ಮಜ್ಜೆ ಹೊಸ ಕಣಗಳನ್ನು ಕಡಿಮೆ ಮಾಡುತ್ತದೆ. ರಕ್ತದಲ್ಲಿ ಹಳೆಯ ಕಣಗಳ ಪಾಲು ಹೆಚ್ಚುತ್ತದೆ. ಸಕ್ಕರೆ ಮಾಮೂಲಿಯೇ ಇದ್ದರೂ ಅಂಟಿಕೊಳ್ಳಲು ಸಮಯ ಜಾಸ್ತಿ ಸಿಕ್ಕಿರುತ್ತದೆ. ಕಾರಣ ಇದೊಂದೇನಾ ಅನ್ನುವುದರ ಬಗ್ಗೆ ಸಂಶೋಧಕರಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ. ಏರಿಕೆಯೂ ಸಾಮಾನ್ಯವಾಗಿ ಸ್ವಲ್ಪವೇ. ಆದರೆ ಗಡಿಯ ಹತ್ತಿರ ಇರುವವರನ್ನು ಆಚೆ ದಾಟಿಸಲು ಅಷ್ಟು ಸಾಕಲ್ವಾ?

ಇದು ಅಪರೂಪದ ಸಂಗತಿ ಅನ್ನುವ ಹಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಇತ್ತ ಐಸಿಎಂಆರ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಲ್ಲಿ ಡಯಾಬಿಟಿಸ್ ಇರುವವರು 10.1 ಕೋಟಿ. ಎರಡೂ ಒಂದೇ ಮನೆಯಲ್ಲಿ, ಒಂದೇ ಮೈಯಲ್ಲಿ ಇರುತ್ತವೆ. ರಕ್ತಹೀನತೆ ಇದ್ದವರಿಗೆ ನಿಜಕ್ಕೂ ಡಯಾಬಿಟಿಸ್ ಇರಬಹುದು, ಅದನ್ನು ಮರೆಯಬಾರದು. ‘ರಕ್ತ ಕಡಿಮೆ ಇದೆ, ಅದಕ್ಕೇ ಹೀಗೆ ಬಂದಿದೆ’ ಅಂದುಕೊಂಡು ಶುಗರ್ ನೋಡದೇ ಬಿಡುವುದೂ ಅಷ್ಟೇ ಅಪಾಯ. ರಕ್ತಹೀನತೆಯಿಂದ ಏರಿದೆ ಅನ್ನುವ ಮಾತು 6.5ರ ಹತ್ತಿರ ಸುಳಿದಾಡುವ ಸಂಖ್ಯೆಗೆ ಮಾತ್ರ ಹೊಂದುತ್ತದೆ. 9 ಬಂದವರು ರಕ್ತಹೀನತೆಯ ನೆಪ ಹೇಳುವಂತಿಲ್ಲ.

ಉಲ್ಟಾ ಆಗುವುದೂ ಇದೆ, ಅದು ನನಗೆ ಇನ್ನೂ ಜಾಸ್ತಿ ಚಿಂತೆ ತರುತ್ತದೆ. ಕಿಡ್ನಿ ಕೈಕೊಟ್ಟು ಡಯಾಲಿಸಿಸ್‌ನಲ್ಲಿರುವವರ ಕೆಂಪುಕಣ ಬೇಗ ಸಾಯುತ್ತದೆ. ರಕ್ತ ಹೆಚ್ಚಿಸಲು ಕೊಡುವ ಎರಿಥ್ರೋಪೊಯೆಟಿನ್ ಇಂಜೆಕ್ಷನ್ನಿನಿಂದ ಹೊಸ ಕಣಗಳೂ ತುಂಬಾ ಬರುತ್ತವೆ. ಎಲ್ಲವೂ ಎಳೆಯ ಕಣಗಳೇ ಆದರೆ ಸಕ್ಕರೆ ಅಂಟಲು ಸಮಯವೇ ಸಿಗುವುದಿಲ್ಲ. ಗ್ಲುಕೋಮೀಟರ್ ಪುಸ್ತಕದಲ್ಲಿ 220, 240 ಅಂತ ಬರೆದಿದ್ದರೂ ಎಚ್‌ಬಿಎ1ಸಿ 5.9 ತೋರಿಸುತ್ತದೆ. ಮನೆಯವರು ಖುಷಿಯಾಗುತ್ತಾರೆ. ಇಂಥವರಲ್ಲಿ ಬೆರಳು ಚುಚ್ಚಿ ನೋಡಿದ ಸಂಖ್ಯೆಯನ್ನೇ ನಂಬಬೇಕು. ಈಚೆಗೆ ರಕ್ತ ಹಾಕಿಸಿಕೊಂಡವರಿಗೂ, ಜೋರಾಗಿ ರಕ್ತ ಹೋದವರಿಗೂ ಇದೇ ಮಾತು. ಗರ್ಭಿಣಿಯರ ಶುಗರ್ ಪತ್ತೆ ಮಾಡಲೂ ಈ ಟೆಸ್ಟು ಸಾಲದು, ಗ್ಲೂಕೋಸ್ ಕುಡಿಸಿಯೇ ನೋಡಬೇಕು.

ಕಾಗದದ ಮೇಲೆ ನಿಮಗೆ ಸಂಖ್ಯೆ ಮಾತ್ರ ಕಾಣುತ್ತದೆ. ನಮಗೆ ಒಂದು ಗ್ರಾಫ್ ಕಾಣುತ್ತದೆ. ನೇರಳೆ ಮುಚ್ಚಳದ ಟ್ಯೂಬಿನ ರಕ್ತವನ್ನು ಎಚ್‌ಪಿಎಲ್‌ಸಿ ಮಷೀನು ಹೀರಿಕೊಂಡು, ಒಂದು ಸಣ್ಣ ಕೊಳವೆಯ ಮೂಲಕ ಹಾಯಿಸುತ್ತದೆ. ವಿದ್ಯುದಂಶಕ್ಕೆ ತಕ್ಕಂತೆ ಹಿಮೋಗ್ಲೋಬಿನ್‌ಗಳು ಬೇರೆಬೇರೆ ಹೊತ್ತಿಗೆ ಹೊರಬರುತ್ತವೆ. ಒಂದೊಂದಕ್ಕೂ ಒಂದು ಶಿಖರ. ಎ1ಸಿಯದು ಚಿಕ್ಕದು, ಆಮೇಲೆ ಬರುವ ಮಾಮೂಲಿ ಹಿಮೋಗ್ಲೋಬಿನ್ನಿನದು ಎತ್ತರದ್ದು. ಕೆಲವು ಸಲ ಇರಬಾರದ ಕಡೆ ಇನ್ನೊಂದು ಶಿಖರ ಎದ್ದಿರುತ್ತದೆ. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಎಂಬ, ಹಿಮೋಗ್ಲೋಬಿನ್ ಬದಲಾಗಿರುವ ಆನುವಂಶಿಕ ಕಾಯಿಲೆ ಇದೆ. ಅಸ್ಸಾಂ, ಬಂಗಾಳದ ಕಡೆಯಿಂದ ಬೆಂಗಳೂರಿಗೆ ದುಡಿಯಲು ಬಂದವರಲ್ಲಿ ಹಿಮೋಗ್ಲೋಬಿನ್ ಇ ಎಂಬ ಇನ್ನೊಂದು ಬದಲಾದ ಬಗೆ ಸಿಗುತ್ತದೆ. ಸಿಕಲ್ ಕಾಯಿಲೆಯಲ್ಲಿ ತಂದೆತಾಯಿ ಇಬ್ಬರಿಂದಲೂ ಎಸ್ ಜೀನ್ ಬಂದಿದ್ದರೆ ಮಾಮೂಲಿ ಹಿಮೋಗ್ಲೋಬಿನ್ ಎ ಇರುವುದೇ ಇಲ್ಲ. ಎ ಇಲ್ಲದಿದ್ದರೆ ಎ1ಸಿ ಎಲ್ಲಿಂದ ಬರಬೇಕು? ಅಲ್ಲಿ ಯಾವುದೋ ಸಂಖ್ಯೆ ಬರೆದು ಕಳಿಸುವುದು ತಪ್ಪು. ‘ಈ ಟೆಸ್ಟು ಇವರಿಗೆ ಹೊಂದುವುದಿಲ್ಲ, ಬೇರೆ ವಿಧಾನದಿಂದ ನೋಡಿ’ ಅಂತ ಬರೆಯಬೇಕು. ಶುಲ್ಕ ಕೊಟ್ಟವರಿಗೆ ಬೇಸರವಾಗಬಹುದು. ಆದರೂ ಅದೇ ಸರಿಯಾದ ರಿಪೋರ್ಟು.

ಸಂಶೋಧನೆಯೂ ಈಗ ಇದೇ ಕಡೆ ನೋಡುತ್ತಿದೆ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಹಲವು ಮೂಲದ ಸುಮಾರು 1.6 ಲಕ್ಷ ಜನರ ಜೀನುಗಳನ್ನು ಜಾಲಾಡಿತು. ಎಚ್‌ಬಿಎ1ಸಿಯನ್ನು ಏರಿಳಿಸುವ 60 ಜಾಗಗಳು ಸಿಕ್ಕವು. ಅದರಲ್ಲಿ ಸಕ್ಕರೆಯ ದಾರಿಗೆ ಸೇರಿದವು 19, ಕೆಂಪುಕಣಕ್ಕೆ ಸೇರಿದವು 22. ಕೆಂಪುಕಣಕ್ಕೆ ಸೇರಿದ ಜಿ6ಪಿಡಿ ಎಂಬ ಜೀನಿನ ಒಂದು ಬದಲಾವಣೆ ಇದ್ದ ಆಫ್ರಿಕನ್ ಮೂಲದ ಗಂಡಸರಲ್ಲಿ ಎಚ್‌ಬಿಎ1ಸಿ ಸುಮಾರು 0.8ರಷ್ಟು ಕಡಿಮೆ ಕಾಣುತ್ತಿತ್ತು. ಅವರ ಡಯಾಬಿಟಿಸ್ ಪತ್ತೆಯಾಗದೇ ಉಳಿಯುವ ಸಾಧ್ಯತೆ ಇತ್ತು. ಜಿ6ಪಿಡಿ ಕೊರತೆ ಭಾರತದ ಹಲವು ಸಮುದಾಯಗಳಲ್ಲೂ ಇದೆ.

ಇಷ್ಟೆಲ್ಲ ಓದಿ ಟೆಸ್ಟನ್ನೇ ಬಿಡಬೇಡಿ. ಮೊದಲ ಸಲ ಎಚ್‌ಬಿಎ1ಸಿ ಮಾಡಿಸುವಾಗ ಜೊತೆಗೆ ಹಿಮೋಗ್ಲೋಬಿನ್, ರಕ್ತಕಣಗಳ ಲೆಕ್ಕ ಕೊಡುವ ಸಿಬಿಸಿಯನ್ನೂ ಮಾಡಿಸಿ, ಎರಡಕ್ಕೂ ಅದೇ ನೇರಳೆ ಟ್ಯೂಬು ಸಾಕು. ಲಕ್ಷಣ ಏನೂ ಇಲ್ಲದೆ ಒಂದೇ ಸಲ 6.5 ಅಥವಾ 6.6 ಬಂದರೆ ಡಯಾಬಿಟಿಸ್ ಅಂತ ಒಪ್ಪಿಕೊಳ್ಳುವ ಮೊದಲು ಹಸಿದ ಹೊಟ್ಟೆಯ ಶುಗರನ್ನೂ ನೋಡಲಿ. ಎರಡೂ ಒಂದೇ ಮಾತು ಹೇಳದಿದ್ದರೆ ಯಾಕೆ ಅಂತ ಡಾಕ್ಟರನ್ನು ಕೇಳಿ. ಈಚೆಗೆ ರಕ್ತ ಹಾಕಿಸಿಕೊಂಡಿದ್ದರೆ, ರಕ್ತದಾನ ಮಾಡಿದ್ದರೆ, ಡಯಾಲಿಸಿಸ್ ನಡೀತಿದ್ದರೆ ರಕ್ತ ತೆಗೆಯುವವರಿಗೆ ಹೇಳಿ, ಫಾರ್ಮಿನಲ್ಲಿ ಬರೆಸಿ. ಡಯಾಬಿಟಿಸ್ ಇದ್ದು ಕಬ್ಬಿಣದ ಮಾತ್ರೆ ಹೊಸದಾಗಿ ಶುರು ಮಾಡಿದ್ದರೆ ಮುಂದಿನ ಎಚ್‌ಬಿಎ1ಸಿ ಸ್ವಲ್ಪ ಇಳಿಯಬಹುದು. ಅದನ್ನು ನೋಡಿ ಶುಗರ್ ಮಾತ್ರೆ ಕಡಿಮೆ ಮಾಡಿಕೊಳ್ಳಬೇಡಿ. ಮೂರು ನಾಲ್ಕು ತಿಂಗಳು ಕಳೆದು, ಹಿಮೋಗ್ಲೋಬಿನ್ ಒಂದು ಮಟ್ಟಕ್ಕೆ ಬಂದು ನಿಂತ ಮೇಲೆ ಮತ್ತೊಮ್ಮೆ ಮಾಡಿಸಿ. ಔಷಧಿ ಬದಲಿಸುವುದಿದ್ದರೆ ಆ ರಿಪೋರ್ಟು ನೋಡಿ ಡಾಕ್ಟರು ಬದಲಿಸಲಿ.